ಕೆಂಪು ಸೆಟ್‌ನ ‘ಸಿ’ ಎಲ್ಲಿ? ಕೇಪ್ ಟೌನ್‌ನಲ್ಲಿ ನನ್ನ ಒಂದು ಗುರುವಾರ

ನಮಸ್ಕಾರ, ಎಲ್ಲರೂ ಆರಾಮಾ? ಹಿಂದೆ ಕೇಳುತ್ತಿರುವ ಈ ಸದ್ದು ಸಮುದ್ರದ್ದು ಅಂದುಕೊಳ್ಳಬೇಡಿ. ಸಮುದ್ರಕ್ಕೆ ಇಲ್ಲಿಂದ ಇನ್ನೂ ಐದು ನಿಮಿಷ ನಡೆಯಬೇಕು. ಇದು ಗಾಳಿ. ನವೆಂಬರ್ ಬಂತು ಅಂದರೆ ಕೇಪ್ ಟೌನ್‌ನಲ್ಲಿ ಆಗ್ನೇಯದ ಗಾಳಿ ಶುರು. ಇಲ್ಲಿನವರು ಇದಕ್ಕೆ ‘ಕೇಪ್ ಡಾಕ್ಟರ್’ ಅಂತ ಹೆಸರಿಟ್ಟಿದ್ದಾರೆ. ಊರಿನ ಹೊಗೆ, ಕೊಳೆ ಎಲ್ಲವನ್ನೂ ಹೊಡೆದುಕೊಂಡು ಹೋಗುತ್ತದಂತೆ. ನನ್ನ ಎರಡು ಟೋಪಿಗಳನ್ನಂತೂ ಹೊಡೆದುಕೊಂಡು ಹೋಗಿದೆ.

ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾನು ಉಡುಪಿಯವಳು. ಇಲ್ಲಿಗೆ ಬಂದು ಇದು ಮೂರನೇ ವರ್ಷ. ಮ್ಯೂಜನ್‌ಬರ್ಗ್ ಅನ್ನುವ ಕಡಲತೀರದ ಬಡಾವಣೆಯಲ್ಲಿ ಇನ್ನೂ ಮೂವರ ಜೊತೆ ಒಂದು ಹಳೇ ಮನೆಯಲ್ಲಿದ್ದೇನೆ. ಏನು ಕೆಲಸ ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಅಮ್ಮ ಚರ್ಚಿನಲ್ಲಿ ‘ಮಗಳು ಸೇವೆಯಲ್ಲಿದ್ದಾಳೆ’ ಅನ್ನುತ್ತಾರೆ. ಮಾವ ‘ಆಫ್ರಿಕಾದಲ್ಲಿ ಪಿ.ಟಿ. ಟೀಚರ್’ ಅನ್ನುತ್ತಾರೆ. ಎರಡೂ ಸರಿಯೇ. ಸ್ಪೋರ್ಟ್ಸ್ ಮಿನಿಸ್ಟ್ರಿ ಅಂದರೆ ಆಟದ ಮೈದಾನದಲ್ಲಿ ನಡೆಯುವ ಕ್ರೈಸ್ತ ಸೇವೆ. ನಮ್ಮದು ಸಣ್ಣ ತಂಡ. ಸಂಬಳ ಅಂತ ಇಲ್ಲ. ಊರಿನ ಸಭೆಯವರು, ಕೆಲವು ಗೆಳತಿಯರು, ಒಬ್ಬ ಚಿಕ್ಕಪ್ಪ, ಇವರೆಲ್ಲ ತಿಂಗಳು ತಿಂಗಳು ಕಳಿಸುವ ಹಣದಲ್ಲಿ ನನ್ನ ಬಾಡಿಗೆ, ಊಟ ನಡೆಯುತ್ತದೆ. ಅದರಲ್ಲಿ ಸ್ವಲ್ಪ ಪಾಲು ಹಾರ್ವೆಸ್ಟ್ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ತೆಂಗಿನಕಾಯಿ ಏಲಂ ಮಾಡಿದ್ದು. ನಾನಿಲ್ಲಿ ತಿನ್ನುವ ಬ್ರೆಡ್ಡಿನಲ್ಲಿ ಕುಂದಾಪುರದ ಯಾರದೋ ತೋಟದ ಕಾಯಿ ಇದೆ.

ಬೆಳಗ್ಗೆ 8 ಗಂಟೆಗೆ ಎಲ್ಲರೂ ಸೇರುತ್ತೇವೆ. ಬೈಬಲ್ ವಾಕ್ಯ, ಪ್ರಾರ್ಥನೆ, ರೂಯ್ಬೋಸ್ ಚಹಾ. ಕೆಂಪಗಿರುವ ಈ ಚಹಾ ನಮ್ಮ ಚಹಾ ಗಿಡದ್ದೇ ಅಲ್ಲ, ಇಲ್ಲಿನ ಬೆಟ್ಟದ ಒಂದು ಪೊದೆಯದು. ನಾನು ಅದಕ್ಕೆ ಶುಂಠಿ ಜಜ್ಜಿ ಹಾಕಿದಾಗ ಎಲ್ಲರೂ ನನ್ನನ್ನು ಒಂದು ಥರ ನೋಡಿದರು. ಈಗ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಆಮೇಲೆ ನನ್ನ ನಿಜವಾದ ಕೆಲಸ ಶುರು. ಎಣಿಸುವುದು. ಚೆಂಡು ಎಷ್ಟು, ಕೋನ್ ಎಷ್ಟು, ನೀರಿನ ಬಾಟಲಿ ಎಷ್ಟು. ಎಲ್ಲಕ್ಕಿಂತ ಜಾಸ್ತಿ ತಲೆನೋವು ಆಡುವಾಗ ಅಂಗಿಯ ಮೇಲೆ ಹಾಕಿಕೊಳ್ಳುವ ಈ ಬಿಬ್‌ಗಳದು. ಹತ್ತಿರದಿಂದ ತೋರಿಸುತ್ತೇನೆ ನೋಡಿ. ಇಲ್ಲಿನ ಹುಡುಗಿಯರ ಆಟ ನೆಟ್‌ಬಾಲ್, ಬಾಸ್ಕೆಟ್‌ಬಾಲ್‌ನ ತಂಗಿ ಅನ್ನಿ. ಒಂದು ತಂಡಕ್ಕೆ 7 ಜನ. ಯಾರು ಎಲ್ಲಿ ಆಡಬೇಕು ಅನ್ನುವುದು ಎದೆಯ ಮೇಲಿನ ಅಕ್ಷರದಲ್ಲೇ ಇರುತ್ತದೆ. ಜಿಎಸ್ ಅಂದರೆ ಗೋಲ್ ಶೂಟರ್, ಡಬ್ಲ್ಯುಡಿ ಅಂದರೆ ವಿಂಗ್ ಡಿಫೆನ್ಸ್, ಹೀಗೆ. ‘ಸಿ’ ಅಂದರೆ ಸೆಂಟರ್. ಆಟ ಶುರುವಾಗುವುದೇ ಅವಳ ಕೈಯಿಂದ. ಗೋಲು ಹಾಕುವ ಎರಡು ಅರ್ಧವೃತ್ತ ಬಿಟ್ಟರೆ ಅವಳು ಅಂಗಳದಲ್ಲಿ ಎಲ್ಲಿ ಬೇಕಾದರೂ ಓಡಬಹುದು. ಕೆಂಪು ಸೆಟ್ 7, ನೀಲಿ ಸೆಟ್ 7, ಒಟ್ಟು 14 ಬಿಬ್. ಇವತ್ತು ಎಣಿಸಿದರೆ 13. ಕೆಂಪು ಸೆಟ್‌ನ ಸಿ ಇಲ್ಲ.

ಎಲ್ಲಿ ಹೋಯಿತು ಅಂತ ನನಗೆ ಗೊತ್ತು. ಆಮೇಲೆ ಹೇಳುತ್ತೇನೆ.

ನಾನು ಶಾಲೆಯಲ್ಲಿ ಆಡಿದ್ದು ಥ್ರೋಬಾಲ್. ಹಾಗಾಗಿ ಚೆಂಡು ಹಿಡಿಯುವುದು ಸುಲಭವಾಯಿತು, ಹಿಡಿದು ಸುಮ್ನೆ ನಿಲ್ಲುವುದು ಕಷ್ಟವಾಯಿತು. ನೆಟ್‌ಬಾಲ್‌ನಲ್ಲಿ ಚೆಂಡು ಕೈಯಲ್ಲಿದ್ದರೆ ಓಡುವ ಹಾಗಿಲ್ಲ, 3 ಸೆಕೆಂಡಿನೊಳಗೆ ದಾಟಿಸಬೇಕು. ಮೊದಲ ತಿಂಗಳು ನನ್ನ ಮೇಲೆ ಎಷ್ಟು ಸಲ ಸೀಟಿ ಊದಿದರೋ ಲೆಕ್ಕವಿಲ್ಲ. ನಾನು ಬಂದ ವರ್ಷವೇ, 2023ರಲ್ಲಿ, ನೆಟ್‌ಬಾಲ್ ವಿಶ್ವಕಪ್ ಇದೇ ಊರಿನಲ್ಲಿ ನಡೆಯಿತು. ಆಫ್ರಿಕಾದಲ್ಲಿ ಅದೇ ಮೊದಲ ಸಲ. ಗೆದ್ದದ್ದು ಆಸ್ಟ್ರೇಲಿಯಾ. ಆದರೆ ನಮ್ಮ ಹುಡುಗಿಯರು ಆಮೇಲೆ ಎರಡು ತಿಂಗಳು ದಕ್ಷಿಣ ಆಫ್ರಿಕಾ ತಂಡದವರ ಥರ ಜಡೆ ಹಾಕಿಕೊಂಡು ಬರುತ್ತಿದ್ದರು.

ಈ ಆಟದ ಮೂಲಕ್ಕೆ ಹೋದರೆ ಅಲ್ಲೂ ಚರ್ಚಿನವರೇ ಸಿಗುತ್ತಾರೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್, ದೈವಶಾಸ್ತ್ರ ಓದಿದವರು, ಚಳಿಗಾಲದಲ್ಲಿ ಒಳಗೇ ಕೂತು ಬೇಜಾರಾದ ಹುಡುಗರಿಗೆ ಅಂತ ಪೀಚ್ ಹಣ್ಣಿನ ಬುಟ್ಟಿ ಜಿಮ್‌ನ ಬಾಲ್ಕನಿಗೆ ಹೊಡೆದು ಬಾಸ್ಕೆಟ್‌ಬಾಲ್ ಶುರು ಮಾಡಿದರು. ಅದು ಇಂಗ್ಲೆಂಡಿಗೆ ಹೋಗಿ ಹುಡುಗಿಯರ ಕೈಯಲ್ಲಿ ನೆಟ್‌ಬಾಲ್ ಆಯಿತು. ಬೇಜಾರಾದ ಹುಡುಗರನ್ನು ಸಂಭಾಳಿಸುವುದು ಆಗಲೂ ಕಷ್ಟವೇ ಇತ್ತು ಅನ್ನಿ.

ಅಯ್ಯೋ, ಪಂಪಿನ ಪಿನ್ ಮುರಿಯಿತು. ಇದು ಈ ವರ್ಷ ಮೂರನೆಯದು. ಎರಡು ಚೆಂಡು ಮೆತ್ತಗೇ ಇರಲಿ ಇವತ್ತು.

ತಂಡದಲ್ಲಿ ನಮಗೆಲ್ಲ ಹಿರಿಯರು ಒಬ್ಬ ಅಂಕಲ್. ಇಲ್ಲೂ ಹಿರಿಯರನ್ನು ಅಂಕಲ್, ಆಂಟಿ ಅಂತಲೇ ಕರೆಯುವುದು, ಥೇಟ್ ನಮ್ಮೂರಿನ ಹಾಗೆ. ಬಂದ ಮೊದಲ ದಿನ ಮಕ್ಕಳು ನನ್ನನ್ನು ‘ಆಂಟಿ’ ಅಂದಾಗ ಒಂದು ಕ್ಷಣ ಸಿಟ್ಟು ಬಂದಿತ್ತು, ಇನ್ನೂ ಇಪ್ಪತ್ತಾರು ನನಗೆ! ಅಂಕಲ್ ಹುಟ್ಟಿದ್ದು ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ. ಊರಿನ ನಡುವೆ ಎಲ್ಲ ಥರದ ಜನ ಕೂಡಿ ಬದುಕುತ್ತಿದ್ದ ಆ ಜಾಗವನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಘೋಷಿಸಿದರು. 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. ಅವರನ್ನೆಲ್ಲ ತಂದು ಹಾಕಿದ್ದು ಕೇಪ್ ಫ್ಲ್ಯಾಟ್ಸ್ ಅನ್ನುವ ಈ ಮರಳು ಬಯಲಿಗೆ. ನಾವು ಮಧ್ಯಾಹ್ನ ಹೋಗುವ ಮಿಚೆಲ್ಸ್ ಪ್ಲೇನ್ 1970ರ ದಶಕದಲ್ಲಿ ಹಾಗೆ ಕಟ್ಟಿದ್ದು. ಅಂಕಲ್ ಆಗ ಹುಡುಗ. ‘ನಮ್ಮ ಮನೆ ಒಡೆದರು’ ಅಂತ ಹೇಳುವುದಕ್ಕಿಂತ ಜಾಸ್ತಿ ‘ನಮ್ಮ ಕ್ರಿಕೆಟ್ ಟೀಮ್ ಒಡೆದರು’ ಅಂತ ಹೇಳುತ್ತಾರೆ.

ಇವತ್ತಿನ ಹಾಫ್‌ಟೈಮ್ ಮಾತು ನನ್ನದು. ಆಟದ ನಡುವೆ ಏಳು ನಿಮಿಷ, ಎಲ್ಲರೂ ಗುಂಪಾಗಿ ಕೂತು ಬೈಬಲ್‌ನ ಒಂದು ಕಥೆ. ಸಿಯಾ ಕೊಲಿಸಿಯಿಂದ ಶುರು ಮಾಡೋಣ ಅಂತ ನನ್ನ ಆಸೆ. ಬಡ ಬಡಾವಣೆಯಲ್ಲಿ ಬೆಳೆದ ಹುಡುಗ, ರಗ್ಬಿ ತಂಡದ ಕ್ಯಾಪ್ಟನ್ ಆಗಿ 2019, 2023ರಲ್ಲಿ ಎರಡು ವಿಶ್ವಕಪ್ ಎತ್ತಿದವರು, ತನ್ನ ನಂಬಿಕೆಯನ್ನು ಮುಚ್ಚಿಡದೆ ಮಾತಾಡುವವರು. ಮಕ್ಕಳಿಗೆ ಅವರೆಂದರೆ ಪ್ರಾಣ. ಆದರೆ ಅಂಕಲ್ ತಲೆ ಅಲ್ಲಾಡಿಸಿದರು.

‘ಕೊಲಿಸಿ ಒಳ್ಳೆಯವರೇ’ ಅಂದರು. ‘ನಾನು ಹ್ಯಾನ್ಸಿ ಬಗ್ಗೆಯೂ ಹಾಗೇ ಹೇಳುತ್ತಿದ್ದೆ.’

ಹ್ಯಾನ್ಸಿ ಕ್ರೋನಿಯೆ. ನನಗಿಂತ ಸ್ವಲ್ಪ ದೊಡ್ಡವರಿಗೆ ಚೆನ್ನಾಗಿ ನೆನಪಿರಬೇಕು. ದಕ್ಷಿಣ ಆಫ್ರಿಕಾದ ಕ್ರಿಕೆಟ್ ಕ್ಯಾಪ್ಟನ್, ದೇವಭಕ್ತ ಅಂತಲೇ ಹೆಸರಾಗಿದ್ದವರು. 2000ದಲ್ಲಿ ಬುಕ್ಕಿಗಳಿಂದ ಹಣ ತೆಗೆದುಕೊಂಡದ್ದನ್ನು ಒಪ್ಪಿಕೊಂಡರು. ಎರಡು ವರ್ಷಕ್ಕೆ ವಿಮಾನ ಅಪಘಾತದಲ್ಲಿ ತೀರಿಹೋದರು. ಆಗ ಅಂಕಲ್ ಹುಡುಗರಿಗೆ ಕ್ರಿಕೆಟ್ ಹೇಳಿಕೊಡುತ್ತಿದ್ದರಂತೆ. ಹ್ಯಾನ್ಸಿ ತಪ್ಪೊಪ್ಪಿಕೊಂಡ ಮರುದಿನ ಬಂದ ಹುಡುಗರು ಏನೂ ಕೇಳಲಿಲ್ಲವಂತೆ. ಕೇಳಿದ್ದರೆ ಏನಾದರೂ ಹೇಳಬಹುದಿತ್ತು, ಕೇಳಲೇ ಇಲ್ಲ ಅನ್ನುವುದು ಅವರ ಕೊರಗು. ಅಂದಿನಿಂದ ಹಾಫ್‌ಟೈಮ್‌ನಲ್ಲಿ ಯಾವ ಆಟಗಾರನ ಹೆಸರೂ ಇಲ್ಲ.

ಕ್ರಿಕೆಟ್ ಅಂದ ಮೇಲೆ ನನ್ನ ದುಃಖವೂ ಒಂದಿದೆ. 2024ರ ಜನವರಿಯಲ್ಲಿ ಭಾರತ ಇಲ್ಲಿ ನ್ಯೂಲ್ಯಾಂಡ್ಸ್‌ನಲ್ಲಿ ಟೆಸ್ಟ್ ಆಡಿತು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಡುವುದನ್ನು ಕಣ್ಣಾರೆ ನೋಡಬೇಕು ಅಂತ ದುಡ್ಡು ಕೂಡಿಸಿ ಟಿಕೆಟ್ ತೆಗೆದಿದ್ದೆ. ಮೂರನೇ ದಿನದ್ದು. ಆ ಮ್ಯಾಚ್ ಎರಡನೇ ದಿನಕ್ಕೇ ಮುಗಿದುಹೋಯಿತು. ಬರೀ 642 ಎಸೆತ, ಟೆಸ್ಟ್ ಇತಿಹಾಸದಲ್ಲೇ ಅಷ್ಟು ಚಿಕ್ಕ ಮ್ಯಾಚ್ ಫಲಿತಾಂಶ ಕಂಡದ್ದಿಲ್ಲ. ಗೆದ್ದದ್ದು ನಾವೇ, ಖುಷಿಪಡಬೇಕು. ಪಟ್ಟೆ. ಸ್ವಲ್ಪ.

ಹನ್ನೊಂದಕ್ಕೆ ಬ್ರೆಡ್. ಆರು ದೊಡ್ಡ ಬ್ರೆಡ್, ಕಡಲೆಕಾಯಿ ಬೆಣ್ಣೆ, ಜಾಮ್. ಅರವತ್ತು ಸ್ಯಾಂಡ್‌ವಿಚ್. ಇದನ್ನು ಮಾಡುವಾಗ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ನೀವೂ ಕೇಳಿದ್ದೀರಿ, ಸ್ವಲ್ಪ ಖಾರವಾಗಿಯೇ ಕೇಳಿದ್ದೀರಿ. ಮಕ್ಕಳು ಬರುವುದು ಆಟಕ್ಕಾ, ಬ್ರೆಡ್ಡಿಗಾ, ದೇವರಿಗಾ?

ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಮನೆಯಲ್ಲಿ ಅದು ನಾಲ್ಕು ತಲೆಮಾರಿನಿಂದ ಇದೆ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಮತಕ್ಕೆ ಸೇರಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಹೊಲ ಇಲ್ಲ, ಕಸುಬು ಇಲ್ಲ. ಅವರಿಗೆ ಕೆಲಸ ಅಂತ ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಆಮೇಲೆ ಮಲ್ಪೆಯಲ್ಲೂ ಒಂದು. ನನ್ನ ಅಜ್ಜನ ಅಪ್ಪ ಅಲ್ಲಿ ಜೇಡಿಮಣ್ಣು ಹದ ಮಾಡುವ ಕೆಲಸದಲ್ಲಿದ್ದರು. ‘ಹೆಂಚಿಗಾಗಿ ಸೇರಿದವ’ ಅಂತ ಊರಿನವರು ಆಡಿಕೊಳ್ಳುತ್ತಿದ್ದರಂತೆ. ಅಜ್ಜ ಇದನ್ನು ಹೇಳುವಾಗ ನಗುತ್ತಿದ್ದರು, ಆದರೆ ಪ್ರತಿ ಸಲವೂ ಹೇಳುತ್ತಿದ್ದರು. ಅಂದರೆ ಅದು ಒಳಗೆಲ್ಲೋ ಚುಚ್ಚುತ್ತಿತ್ತು.

ಅದಕ್ಕೇ ನನಗೆ ಒಂದು ಹಟ. ಬ್ರೆಡ್ ಕೊಡುವುದು ಆಟ ಮುಗಿದ ಮೇಲೆ, ಬಂದ ಎಲ್ಲರಿಗೂ. ಕಥೆ ಕೇಳಲು ಇಷ್ಟವಿಲ್ಲದವರು ಆ ಏಳು ನಿಮಿಷ ರಿಂಗಿನ ಹತ್ತಿರ ಶೂಟಿಂಗ್ ಪ್ರಾಕ್ಟೀಸ್ ಮಾಡಬಹುದು. ನಮ್ಮಲ್ಲಿ ಮುಸ್ಲಿಂ ಮನೆಯ ಮಕ್ಕಳೂ ಬರುತ್ತಾರೆ, ಕೇಪ್ ಫ್ಲ್ಯಾಟ್ಸ್‌ನಲ್ಲಿ ಅವರು ತುಂಬಾ ಜನ. ಅವರ ಮನೆಯವರಿಗೆ ಹೇಳದೆ ನಾವು ಏನೂ ಮಾಡುವುದಿಲ್ಲ. ರಂಜಾನ್ ತಿಂಗಳಲ್ಲಿ ಸ್ಯಾಂಡ್‌ವಿಚ್ ಎಲ್ಲವನ್ನೂ ಪೊಟ್ಟಣ ಕಟ್ಟಿ ಮನೆಗೇ ಕೊಟ್ಟುಕಳಿಸುತ್ತೇವೆ, ಎಲ್ಲ ಮಕ್ಕಳಿಗೂ. ಉಪವಾಸ ಇದ್ದವರ ಮುಂದೆ ಉಳಿದವರು ತಿನ್ನುವುದು ಚೆನ್ನಾಗಿರುವುದಿಲ್ಲ ಅಲ್ವಾ.

ತಿಂಗಳ ಕೊನೆಗೆ ನಾನು ಒಂದು ಫಾರ್ಮ್ ತುಂಬಬೇಕು. ಎಷ್ಟು ಮಕ್ಕಳು, ಎಷ್ಟು ಹೊಸಬರು, ಎಷ್ಟು ಜನ ಯೇಸುವನ್ನು ಸ್ವೀಕರಿಸಿದರು. ಮೊದಲ ಎರಡು ಕಾಲಮ್ ತುಂಬುತ್ತೇನೆ. ಮೂರನೆಯದರಲ್ಲಿ ಗೀಟು ಎಳೆಯುತ್ತೇನೆ. ಹನ್ನೊಂದು ವರ್ಷದ ಮಗು ಕೈ ಎತ್ತಿದ್ದನ್ನು ಎಣಿಸಿ ಬರೆಯಲು ನನ್ನಿಂದ ಆಗುವುದಿಲ್ಲ. ಆ ಮಗು ಬ್ರೆಡ್ ಯಾರಿಗೆ ಬೇಕು ಅಂದಾಗಲೂ ಹಾಗೇ ಕೈ ಎತ್ತುತ್ತದೆ.

ಎರಡಕ್ಕೆ ಹೊರಟೆವು. ಇದು ನಮ್ಮ ಬಕ್ಕಿ, ಅಂದರೆ ಪಿಕಪ್ ಗಾಡಿ. ಸಮುದ್ರದ ಅಂಚಿನಲ್ಲೇ ಹೋಗುವ ಈ ರಸ್ತೆ ಬೇಡನ್ ಪೊವೆಲ್ ಡ್ರೈವ್. ನೋಡಿದರೆ ನನಗೆ ಮರವಂತೆ ನೆನಪಾಗುತ್ತದೆ, ಆದರೆ ಇನ್ನೊಂದು ಬದಿಗೆ ಸೌಪರ್ಣಿಕಾ ಇಲ್ಲ, ಮರಳಿನ ದಿಬ್ಬ. ಗಾಳಿ ಬಿದ್ದ ದಿನ ಆ ಮರಳು ಎದ್ದು ರಸ್ತೆಗೇ ಬರುತ್ತದೆ. ನೋಡಿ, ಒಂದು ಬದಿ ಪೂರ್ತಿ ಮುಚ್ಚಿದೆ. ಕಿಟಕಿ ಹಾಕಿದ್ದರೂ ಹಲ್ಲಿನ ಸಂದಿಯಲ್ಲಿ ಕರಕರ. ಎಲ್ಲಿದ್ದೀರಿ ಅಂತ ಅಲ್ಲಿನ ಕೋಚ್ ಕೇಳಿದರು. ‘ನೌ ನೌ’ ಅಂದೆ. ಇಲ್ಲಿ ‘ನೌ ನೌ’ ಅಂದರೆ ಸ್ವಲ್ಪ ಹೊತ್ತಿಗೆ. ‘ಜಸ್ಟ್ ನೌ’ ಅಂದರೆ ಯಾವಾಗಲೋ. ಬರೀ ‘ನೌ’ ಅಂದರೂ ಈಗ ಅಂತ ನಂಬಬೇಡಿ.

ಈಗ ಆ ಬಿಬ್ ವಿಷಯ. ಕಳೆದ ಗುರುವಾರ ಎರಡನೇ ಅರ್ಧ ಶುರುವಾಗಿ ಐದು ನಿಮಿಷ ಆಗಿರಬೇಕು. ಪಕ್ಕದ ಬೀದಿಯಲ್ಲಿ ಗುಂಡಿನ ಸದ್ದು. ಎರಡು ಗುಂಪುಗಳ ಜಗಳ, ಇಲ್ಲಿ ಅದು ಹೊಸದಲ್ಲ. ನನಗೆ ಪಟಾಕಿ ಅನ್ನಿಸಿತು. ಮಕ್ಕಳಿಗೆ ಅನ್ನಿಸಲಿಲ್ಲ. ನಾನು ಸೀಟಿ ಬಾಯಿಗೆ ಇಡುವಷ್ಟರಲ್ಲಿ ಅವರೆಲ್ಲ ಆಗಲೇ ನೆಲಕ್ಕೆ ಮಲಗಿದ್ದರು, ಸಾಲಾಗಿ, ಅಭ್ಯಾಸ ಆದವರ ಹಾಗೆ. ಕೊನೆಗೆ ಮಲಗಿದವಳು ನಾನೇ. ಆಮೇಲೆ ಎಲ್ಲರನ್ನೂ ಹಾಲ್ ಒಳಗೆ ಸೇರಿಸಿ, ಗಲಾಟೆ ನಿಂತ ಮೇಲೆ ಒಬ್ಬೊಬ್ಬರನ್ನೇ ಮನೆಗೆ ಬಿಟ್ಟೆವು. ಯಾರಿಗೂ ಏನೂ ಆಗಲಿಲ್ಲ. ಕೆಂಪು ತಂಡದ ಸೆಂಟರ್ ಹುಡುಗಿ ಬಿಬ್ ಹಾಕಿಕೊಂಡೇ ಹೋಗಿದ್ದಳು. ವಾರವಿಡೀ ಅವಳ ಸುದ್ದಿ ಇಲ್ಲ.

ಇವತ್ತು ಬನ್ನಿ ಅಂತ ಆ ಬೀದಿಯ ಆಂಟಿಯೊಬ್ಬರು ವಾಯ್ಸ್ ನೋಟ್ ಕಳಿಸಿದ್ದರು. ಅವರು ಬರಬೇಡಿ ಅಂದರೆ ನಾವು ಹೋಗುವುದಿಲ್ಲ. ಅಂಕಲ್ ಮಾತು ಮೀರಬಹುದು, ಆ ಆಂಟಿ ಮಾತು ಮೀರುವ ಹಾಗಿಲ್ಲ.

ಬಿಬ್ ಇಲ್ಲದೆ ಆಟ ಆಗುವುದಿಲ್ಲವಲ್ಲ. ಬೆಳಗ್ಗೆ ನನ್ನ ಹಳೇ ಕಾಲೇಜ್ ಟಿ-ಶರ್ಟ್ ಕತ್ತರಿಸಿದೆ. ಕೆಂಪು ಬಣ್ಣದ್ದೇ. ಮುಂದೆ ಮಾರ್ಕರ್‌ನಲ್ಲಿ ಇಂಗ್ಲಿಷ್ ಅಕ್ಷರ ಬರೆದೆ. ಹಿಂದಕ್ಕೆ ಸುಮ್ನೆ, ಏನೋ ತೋಚಿ, ಕನ್ನಡದಲ್ಲಿ ‘ಸಿ’ ಅಂತ ಬರೆದೆ. ಅಷ್ಟೇ ಸಾಕಾಯಿತು. ಇದೇನು ಆಂಟಿ, ಬಸವನಹುಳುವಾ ಅಂತ ಒಬ್ಬಳು. ಇನ್ನೊಬ್ಬಳು ತನ್ನ ಹೆಸರೂ ಹಾಗೇ ಬರೆಯಬೇಕು ಅಂತ ತೋಳು ಮುಂದೆ ಚಾಚಿದಳು. ಹದಿನೇಳು ತೋಳಿನ ಮೇಲೆ ಕನ್ನಡ ಬರೆದೆ ನೋಡಿ. ಮಕ್ಕಳ ಮುಖ ತೋರಿಸಬಾರದು ಅಂತ ನಮ್ಮ ನಿಯಮ, ಅದಕ್ಕೇ ನಿಮಗೆ ಬರೀ ತೋಳು, ಬೂಟು ಕಾಣುತ್ತಿದೆ. ಒಂದು ಬೂಟಿಗೆ ಲೇಸ್ ಬದಲು ಕರೆಂಟ್ ವೈರ್ ಇದೆ, ಗಮನಿಸಿ.

ಹಾಫ್‌ಟೈಮ್‌ನಲ್ಲಿ ತಪ್ಪಿಹೋದ ಕುರಿಯ ಕಥೆ ಹೇಳಿದ್ದರೆ ಈ ವಿಡಿಯೋಗೆ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಪಟ್ಟಿಯಲ್ಲಿ ಇದ್ದದ್ದು ಬೈಬಲ್‌ನ ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿದ ಕಥೆ. ಗೋಡೆಯ ಮೇಲೆ ಮುಳ್ಳುತಂತಿ ಇತ್ತಾ ಅಂತ ಒಬ್ಬ ಹುಡುಗಿ ಕೇಳಿದಳು. ಇಲ್ಲ ಅಂದೆ. ಹಾಗಾದರೆ ಏನು ಉಪಯೋಗ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಟಿ ಊದಿ ಆಟ ಶುರು ಮಾಡಿಸಿದೆ.

ಗಾಳಿಗೆ ಒಂದು ಶೂಟೂ ಸರಿಯಾಗಿ ಬೀಳಲಿಲ್ಲ. ನೆಟ್‌ಬಾಲ್ ರಿಂಗಿಗೆ ಹಿಂದೆ ಹಲಗೆ ಇರುವುದಿಲ್ಲ, ಗುರಿ ತಪ್ಪಿದರೆ ಚೆಂಡು ಸೀದಾ ಆಚೆ. 4–3. ಕೆಂಪು ಗೆದ್ದಿತು.

ಮಕ್ಕಳನ್ನು ಬಿಡುತ್ತಾ ಹೋಗುವಾಗ ಆ ಸೆಂಟರ್ ಹುಡುಗಿಯ ಮನೆ ಮುಂದೆ ಬಕ್ಕಿ ನಿಧಾನ ಮಾಡಿದೆ. ಗೇಟಿನ ಹತ್ತಿರ ಅವಳಮ್ಮ ನಿಂತಿದ್ದರು, ತಲೆಗೆ ಸ್ಕಾರ್ಫ್, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಬಿಬ್. ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದರು. ನೈಲಾನ್ ಬಿಬ್‌ಗೆ ಇಸ್ತ್ರಿ! ‘ಮಗಳನ್ನು ಸ್ವಲ್ಪ ದಿನ ಕಳಿಸುವುದಿಲ್ಲ, ತಪ್ಪು ತಿಳಿಯಬೇಡಿ’ ಅಂದರು. ಒಳಗಿನ ಪರದೆ ಸ್ವಲ್ಪ ಸರಿಯಿತು, ಮತ್ತೆ ಮುಚ್ಚಿತು.

ಇದು ಅವಳ ಹತ್ತಿರವೇ ಇರಲಿ, ಬರುವಾಗ ಹಾಕಿಕೊಂಡು ಬರಲಿ ಅಂತ ಚೀಲ ವಾಪಸ್ ಕೊಟ್ಟೆ. ಅವರು ಬೇಡ ಅನ್ನಲಿಲ್ಲ. ಒಳಗೆ ಹೋಗಿ ನಾಲ್ಕು ಸಮೋಸ ತಂದು ನನ್ನ ಕೈಗಿಟ್ಟರು. ಇಲ್ಲಿನ ಸಮೋಸ ಚಿಕ್ಕದು, ತೆಳ್ಳಗೆ, ಒಳಗೆ ಕೊತ್ತಂಬರಿ ಹಾಕಿದ ಕೀಮಾ. ಮನೆ ಮುಟ್ಟುವ ಮೊದಲೇ ಅಂಕಲ್ ಮೂರು ತಿಂದರು.

ಈಗ ರಾತ್ರಿ ಒಂಬತ್ತೂವರೆ. ಗಾಳಿ ಇನ್ನೂ ನಿಂತಿಲ್ಲ. ಬಿಬ್ ಎಣಿಸಿದೆ, ಹದಿನಾಲ್ಕು, ಬಸವನಹುಳು ಸೇರಿಸಿ. ನಾಳೆ ಬೆಳಗ್ಗೆ ಪಂಪಿನ ಪಿನ್ ತರಬೇಕು, ಈ ಸಲ ಎರಡು.