ಕಂಬಗಳ ಮೇಲೆ ನಿಂತ ಊರು ನೊರಿಲ್ಸ್ಕ್

[ದೃಶ್ಯ: ಒಂಬತ್ತು ಮಹಡಿ ಕಟ್ಟಡ. ಕ್ಯಾಮೆರಾ ಮೆಲ್ಲಗೆ ಕೆಳಗಿಳಿದು ಬುಡದಲ್ಲಿ ನಿಲ್ಲುತ್ತದೆ.]

ನಮಸ್ಕಾರ. ಈ ಕಟ್ಟಡದ ಬುಡ ಸ್ವಲ್ಪ ನೋಡಿ. ಗೋಡೆ ನೆಲಕ್ಕೆ ತಾಗಿಯೇ ಇಲ್ಲ. ಮಧ್ಯೆ ಖಾಲಿ ಜಾಗ, ಸಾಲಾಗಿ ಕಾಂಕ್ರೀಟ್ ಕಂಬಗಳು, ಆ ಕಡೆಯಿಂದ ಈ ಕಡೆಗೆ ಬೀಸುವ ಗಾಳಿ. ಇಷ್ಟು ಚಳಿಯ ಊರಲ್ಲಿ ಮನೆ ಕೆಳಗೆ ಯಾರಾದರೂ ಗಾಳಿ ಬಿಡ್ತಾರಾ? ಇಲ್ಲಿ ಬಿಡಲೇಬೇಕು. ಇಲ್ಲಿನ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ. ಮನೆಯ ಶಾಖ ತಾಗಿದರೆ ಕರಗುತ್ತದೆ. ಕರಗಿದರೆ ಕೆಸರು. ಕೆಸರಾದರೆ ಮನೆ ಕೂತಿತು ಅಂತಲೇ ಲೆಕ್ಕ.

ಇದು ನೊರಿಲ್ಸ್ಕ್. ರಷ್ಯಾದ ಉತ್ತರ ತುದಿಯ ಹತ್ತಿರ, ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಆದರೆ ಉಳಿದ ರಷ್ಯಾದಿಂದ ಇಲ್ಲಿಗೆ ರಸ್ತೆ ಇಲ್ಲ, ರೈಲೂ ಇಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೇ ಯೆನಿಸೆಯ್ ನದಿಯ ದುದಿಂಕಾ ಬಂದರಿಗೆ ಹಡಗಿನಲ್ಲಿ. ಊರಿನವರು ಉಳಿದ ರಷ್ಯಾವನ್ನು 'ಮತೆರೀಕ್' ಅನ್ನುತ್ತಾರೆ, ಅಂದರೆ ಮುಖ್ಯಭೂಮಿ. ಇರೋದು ನೆಲದ ಮೇಲೆಯೇ, ಮಾತಾಡೋದು ಮಾತ್ರ ದ್ವೀಪದವರ ಹಾಗೆ!

[ದೃಶ್ಯ: ಹಳೆಯ ಮರದ ಮನೆ]

ಈ ಮರದ ಮನೆ ಕಟ್ಟಿದ್ದು 1921ರಲ್ಲಿ. ಇದೇ ಊರಿನ ಮೊದಲ ಮನೆ. ನಿಕೊಲಾಯ್ ಉರ್ವಾಂತ್ಸೆವ್ ಎಂಬ ಭೂವಿಜ್ಞಾನಿ ತನ್ನ ತಂಡದೊಂದಿಗೆ ಚಳಿಗಾಲ ಕಳೆದದ್ದು ಇಲ್ಲೇ. ಅವರು 1919ರಲ್ಲಿ ಮೊದಲು ಈ ಕಡೆ ಬಂದಿದ್ದು ಹಡಗುಗಳಿಗೆ ಕಲ್ಲಿದ್ದಲು ಹುಡುಕಿಕೊಂಡು. ಕಲ್ಲಿದ್ದಲು ಸಿಕ್ಕಿತು, ಜೊತೆಗೆ ತಾಮ್ರ ಮತ್ತು ನಿಕ್ಕಲ್ ಅದಿರೂ ಸಿಕ್ಕಿತು.

1935ರಲ್ಲಿ ಸ್ಟಾಲಿನ್ ಸರ್ಕಾರ ಇಲ್ಲಿ ಕಾರ್ಖಾನೆ ಕಟ್ಟಲು ಹೊರಟಿತು. ಈ ಚಳಿಗೆ ಯಾರು ತಾನೇ ಇಷ್ಟಪಟ್ಟು ಬರ್ತಾರೆ? ಹಾಗಾಗಿ ಕೈದಿಗಳನ್ನು ತಂದರು. ಶಿಬಿರದ ಹೆಸರು ನೊರಿಲ್ಲಾಗ್. ಗಣಿ, ಕುಲುಮೆ, ರೈಲು ಹಳಿ, ಬೀದಿ, ಎಲ್ಲವೂ ಅವರ ದುಡಿಮೆ. 1938ರಲ್ಲಿ ಉರ್ವಾಂತ್ಸೆವ್ ಅವರನ್ನೂ ಬಂಧಿಸಿದರು. ಆಮೇಲೆ ಅವರನ್ನು ಕಳಿಸಿದ್ದು ಎಲ್ಲಿಗೆ ಗೊತ್ತಾ? ನೊರಿಲ್ಸ್ಕ್‌ಗೇ. ತಾನು ಹುಡುಕಿಕೊಟ್ಟ ಅದಿರಿನ ಊರಿಗೆ ಆ ಮನುಷ್ಯ ಕೈದಿಯಾಗಿ ವಾಪಸ್ ಬಂದ. ಕೈದಿಯಾಗಿದ್ದಾಗಲೂ ಅವರಿಗೆ ಕೊಟ್ಟಿದ್ದು ಅದೇ ಭೂವಿಜ್ಞಾನದ ಕೆಲಸ.

1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತರು. ಮೇ ಕೊನೆಯಲ್ಲಿ ಕೈದಿಗಳು ಕೆಲಸ ನಿಲ್ಲಿಸಿದರು. ಆಗಸ್ಟ್ ಆರಂಭದಲ್ಲಿ ಗುಂಡು ಹಾರಿಸಿಯೇ ಆ ಬಂಡಾಯವನ್ನು ಅಡಗಿಸಿದ್ದು. ಈ ಗಲಾಟೆ ನಡೆಯುತ್ತಿರುವಾಗಲೇ, ಜುಲೈ 15ರಂದು, ನೊರಿಲ್ಸ್ಕ್‌ಗೆ ನಗರದ ಪಟ್ಟ ಕೊಟ್ಟರು. ಊರಿನ ಹುಟ್ಟುಹಬ್ಬದ ತಾರೀಕು ಅದು.

[ದೃಶ್ಯ: ನೆಲಕ್ಕೆ ಕಂಬ ಇಳಿಸುವ ಯಂತ್ರ]

ಈಗ ಆ ಕಂಬಗಳ ವಿಷಯಕ್ಕೆ ಬರೋಣ. ಈ ವಿಧಾನವನ್ನು ಇಲ್ಲಿ ರೂಢಿಗೆ ತಂದವರು ಮಿಖಾಯಿಲ್ ಕಿಮ್, ಕೊರಿಯನ್ ಮೂಲದ ಎಂಜಿನಿಯರ್. ಅವರೂ ಇಲ್ಲಿಗೆ ಬಂದದ್ದು ಕೈದಿಯಾಗಿಯೇ. ಹೆಪ್ಪುಗಟ್ಟಿದ ನೆಲದಲ್ಲಿ ಆಳವಾಗಿ ತೂತು ಕೊರೆಯುತ್ತಾರೆ. ಕಂಬ ಇಳಿಸಿ ಸುತ್ತ ಕೆಸರು ಸುರಿಯುತ್ತಾರೆ. ಆ ಕೆಸರು ಮತ್ತೆ ಹೆಪ್ಪುಗಟ್ಟಿ ಕಂಬವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಇಲ್ಲಿ ಸಿಮೆಂಟಿನ ಕೆಲಸವನ್ನು ಚಳಿಯೇ ಮಾಡುತ್ತದೆ. ನೆಲ ಹೆಪ್ಪಾಗಿಯೇ ಇರುತ್ತದೆ ಅನ್ನೋದೊಂದೇ ಷರತ್ತು.

ಇಷ್ಟೆಲ್ಲ ಪಾಡು ಯಾಕೆ? ಅದಿರಿಗಾಗಿ. ಒಂದೇ ಅದಿರಿನಲ್ಲಿ ನಿಕ್ಕಲ್, ತಾಮ್ರ, ಕೋಬಾಲ್ಟ್, ಪ್ಲಾಟಿನಂ, ಪಲ್ಲಾಡಿಯಂ ಎಲ್ಲವೂ ಇವೆ. 1960ರಲ್ಲಿ ಪಕ್ಕದ ತಲ್ನಾಖ್‌ನಲ್ಲಿ ಇನ್ನೂ ದೊಡ್ಡ ನಿಕ್ಷೇಪ ಸಿಕ್ಕಿತು. ಪ್ರಪಂಚದಲ್ಲಿ ತೆಗೆಯುವ ಪಲ್ಲಾಡಿಯಂನಲ್ಲಿ ಸುಮಾರು 40 ಪರ್ಸೆಂಟ್ ಇಲ್ಲಿನ ಕಂಪನಿಯದ್ದೇ. ಪೆಟ್ರೋಲ್ ಕಾರುಗಳ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಬೇಕಾಗುವ ಲೋಹ ಇದು. ಊರೂರಿನ ಹೊಗೆ ತೊಳೆಯೋ ಲೋಹ ತೆಗೆದ ಊರಿನ ಗಾಳಿ ಹೇಗಿತ್ತು? ಕುಲುಮೆಗಳು ವರ್ಷಕ್ಕೆ ಸುಮಾರು 18 ಲಕ್ಷ ಟನ್ ಗಂಧಕದ ಡೈಆಕ್ಸೈಡ್ ಉಗುಳುತ್ತಿದ್ದವು. ಸುತ್ತಲಿನ ಕಾಡು ಒಣಗಿ ನಿಂತಿತು. ಊರೊಳಗಿದ್ದ ಹಳೆಯ ನಿಕ್ಕಲ್ ಕಾರ್ಖಾನೆಗೆ ಬೀಗ ಬಿದ್ದದ್ದು 2016ರಲ್ಲಿ. ಗಂಧಕವನ್ನು ಹಿಡಿದಿಡುವ ಯೋಜನೆ ಶುರುವಾದದ್ದು 2023ರಲ್ಲಿ. ತಡವಾಯ್ತು, ಅಲ್ವಾ?

ದುಡ್ಡಿನ ಕಥೆಯೂ ಕೇಳಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸರ್ಕಾರದ ಕೈ ಖಾಲಿ. 1995ರಲ್ಲಿ ಕಂಪನಿಯ 38 ಪರ್ಸೆಂಟ್ ಪಾಲನ್ನು ಸಾಲಕ್ಕೆ ಅಡವಾಗಿ ಹರಾಜಿಗಿಟ್ಟರು. ಶುರುವಿನ ಬೆಲೆ 17 ಕೋಟಿ ಡಾಲರ್. ಹರಾಜು ಮುಗಿದದ್ದು 17 ಕೋಟಿ 1 ಲಕ್ಷಕ್ಕೆ. ಗೆದ್ದದ್ದು ವ್ಲಾದಿಮಿರ್ ಪೊತಾನಿನ್ ಅವರ ಬ್ಯಾಂಕಿನ ಕಡೆಯವರು. ಹರಾಜು ನಡೆಸಿದ್ದೂ ಅದೇ ಬ್ಯಾಂಕು. ಸಂತೆಯಲ್ಲಿ ಎಮ್ಮೆ ಹರಾಜಾದರೂ ಇದಕ್ಕಿಂತ ಜಾಸ್ತಿ ಪೈಪೋಟಿ ಇರುತ್ತೆ.

ಇವತ್ತಿಗೂ ಊರು ನಡೆಯೋದು ಆ ಕಂಪನಿಯಿಂದಲೇ. ಗಣಿ, ಕರೆಂಟು, ಬಂದರು, ಐಸ್ ಒಡೆದುಕೊಂಡು ಹೋಗುವ ಸರಕು ಹಡಗು, ಎಲ್ಲದರಲ್ಲೂ ಅದರ ಕೈ ಇದೆ. ಇಂಟರ್ನೆಟ್ಟಿನ ಫೈಬರ್ ಕೇಬಲ್ ಕೂಡ ಅದೇ ಎಳೆಸಿತು, ಅದೂ 2017ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಈ ವಿಡಿಯೋ ನೋಡಲು ಕೂತಿದ್ದರೆ, ಲೋಡ್ ಆಗೋದನ್ನೇ ನೋಡ್ತಾ ಇರಬೇಕಿತ್ತು.

[ದೃಶ್ಯ: ಕೆಂಪು ಬಣ್ಣಕ್ಕೆ ತಿರುಗಿದ ನದಿ]

2020ರ ಮೇ 29. ಊರಿನ ವಿದ್ಯುತ್ ಸ್ಥಾವರವೊಂದರ ಡೀಸೆಲ್ ಟ್ಯಾಂಕ್ ಕುಸಿದು 20 ಸಾವಿರ ಟನ್‌ಗೂ ಜಾಸ್ತಿ ಡೀಸೆಲ್ ಚೆಲ್ಲಿತು. ಅಂಬರ್ನಾಯಾ ನದಿ ಕೆಂಪಾಯಿತು. ಕೆಳಗಿನ ನೆಲ ಕರಗಿ ಟ್ಯಾಂಕಿನ ಆಧಾರ ಕೂತುಹೋಯಿತು ಎಂದಿತು ಕಂಪನಿ. ತನಿಖೆ ಮಾಡಿದವರು ವಿನ್ಯಾಸದ ತಪ್ಪು, ಉಸ್ತುವಾರಿಯ ತಪ್ಪು ಎಂದರು. ಬಿಸಿಯಾಗುತ್ತಿರುವ ಭೂಮಿಯ ಮೇಲೆ ತಪ್ಪು ಹೊರಿಸೋದು ಸುಲಭ, ಅದಕ್ಕೆ ಯಾರೂ ನೋಟಿಸ್ ಕೊಡೋಲ್ಲ! ಕೊನೆಗೆ ಕಂಪನಿ 14,600 ಕೋಟಿ ರೂಬಲ್ ಕಟ್ಟಿತು.

ಹಾಗಂತ ನೆಲ ಕರಗುತ್ತಿರೋದು ಸುಳ್ಳಲ್ಲ. ಬಿರುಕು ಬಿಟ್ಟ ಕಟ್ಟಡಗಳನ್ನು ಕೆಡವುತ್ತಿದ್ದಾರೆ. ಕೆಲವಕ್ಕೆ ಕೆಳಗೆ ಹರಿಯುವ ಪೈಪಿನ ಬಿಸಿನೀರು ಸೋರಿದ್ದೇ ಕುತ್ತು. ಕಿಮ್ ಹಾಕಿದ್ದ ಷರತ್ತು ಅಲ್ಲಿ ಮುರಿದಿದೆ. ಊರು ಬಿಟ್ಟು ಮತೆರೀಕ್‌ಗೆ ಹೋಗುವವರಿಗೆ ಮನೆ ಕೊಳ್ಳಲು ಸರ್ಕಾರ ಹಣ ಕೊಡುತ್ತದೆ, ಅದಕ್ಕೂ ಸಾಲಿದೆ. ಇತ್ತ ಉತ್ತರದ ಭತ್ಯೆ ಸೇರಿದ ಸಂಬಳ, ಐದು ವರ್ಷ ಮುಂಚೆ ಪಿಂಚಣಿ ನೋಡಿಕೊಂಡು ಹೊಸಬರೂ ಬರುತ್ತಾರೆ. ಉರ್ವಾಂತ್ಸೆವ್ ಅವರ ಮರದ ಮನೆ ಈಗ ಮ್ಯೂಸಿಯಂ.

[ದೃಶ್ಯ: ಮತ್ತೆ ಕಟ್ಟಡದ ಬುಡ. ಕಂಬಗಳ ನಡುವೆ ಹಿಮ ಹಾರುತ್ತಿದೆ.]