ರಾಜಾಸೀಟಲ್ಲಿ ವ್ಯೂ ಕಾಣಲಿಲ್ವಾ? ಫೋನ್ ಒಳಗಿಡಬೇಡಿ

[ಶಾಟ್: ಸ್ಕ್ರೀನ್ ಪೂರ್ತಿ ಬಿಳಿ. ಹಿಂದೆಲ್ಲೋ ಒಂದು ದನಿ: "ಏನೂ ಕಾಣ್ತಿಲ್ಲ ಮಾರಾಯ!"]

ನಿಮ್ ಫೋನ್ ಹಾಳಾಗಿಲ್ಲ, ಗಾಬರಿ ಬೇಡ. ಇದು ಮಡಿಕೇರಿ ರಾಜಾಸೀಟ್, ಜುಲೈ ತಿಂಗಳು. ಅಷ್ಟು ದೂರದಿಂದ ಬಂದವ್ರು ರೇಲಿಂಗ್ ತನಕ ಬರ್ತಾರೆ, ಒಂದ್ ಸೆಲ್ಫಿ ತೆಗೀತಾರೆ, "ಛೆ, ಬಂದಿದ್ದೇ ದಂಡ" ಅಂತ ವಾಪಸ್ ಕಾರ್ ಹತ್ತುತಾರೆ. ನಾನು ಇದೇ ಊರವನು, ನಾನೂ ಹಂಗೇ ಇದ್ದೆ, ಬೆಂಗಳೂರಿಂದ ನೆಂಟರು ಬಂದ್ರೆ ಇಲ್ಲಿಗೇ ಕರ್ಕೊಂಡ್ ಬರೋದು, ಆಮೇಲೆ ಮಂಜು ನಾನೇ ತಂದು ಹಾಕಿದ್ದೇನೋ ಅನ್ನೋ ಥರ ಸಾರಿ ಕೇಳೋದು.

ಈಗ ಕೇಳಲ್ಲ. ಯಾಕಂದ್ರೆ ನನ್ ಹತ್ರ ಇರೋ ಒಳ್ಳೆ ಫೋಟೋ ಎಲ್ಲಾ ವ್ಯೂ ಕಾಣದ ದಿನದ್ದೇ. ದೂರದ್ದು ಅಳಿಸಿ ಹೋದಾಗ ಕಣ್ಣು ಬೇರೆ ದಾರಿ ಇಲ್ದೆ ಹತ್ರದ್ದನ್ನ ನೋಡುತ್ತೆ, ಅಷ್ಟೇ ಕಥೆ.

ಮೊದ್ಲು ಒಂದು ಟೆಕ್ನಿಕಲ್ ವಿಷ್ಯ ಮುಗಿಸಿಬಿಡೋಣ. ಮಂಜಿನ ಫೋಟೋ ತೆಗೆದ್ರೆ ಬೂದಿ ಬಣ್ಣ ಬರುತ್ತೆ ಅಲ್ವಾ? ಕ್ಯಾಮೆರಾಗೆ ಮಂಜು ಅಂದ್ರೆ ಏನು ಅಂತ ಗೊತ್ತಿಲ್ಲ, ಎದುರಿಗೆ ಎಷ್ಟು ಬೆಳಕಿದ್ರೂ ಅದನ್ನ ನಡು ಬೂದು ಬಣ್ಣಕ್ಕೆ ಎಳೆಯೋಕೆ ನೋಡುತ್ತೆ. ಫ್ರೇಮ್ ಪೂರ್ತಿ ಬಿಳಿ ಇದ್ದಾಗ, ಅಯ್ಯೋ ಬೆಳಕು ಜಾಸ್ತಿ ಆಯ್ತು ಅಂತ ತಾನೇ ಕಮ್ಮಿ ಮಾಡಿಬಿಡುತ್ತೆ. ಸ್ಕ್ರೀನ್ ಮೇಲೆ ಒಂದ್ಸಲ ಒತ್ತಿ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತಲ್ಲ, ಅದನ್ನ ಸ್ವಲ್ಪ ಮೇಲಕ್ಕೆ ತಳ್ಳಿ. ಮಂಜು ಮಂಜಿನ ಥರ ಬರುತ್ತೆ. ಇನ್ನೊಂದು, ಎಸಿ ಕಾರಿಂದ ಇಳಿದ ತಕ್ಷಣ ಲೆನ್ಸ್ ಮೇಲೆ ಆವಿ ಕೂತ್ಕೊಳುತ್ತೆ, ಶರ್ಟಲ್ಲಿ ಒರೆಸಿ ಒರೆಸಿ ಗೀರು ಬೀಳಿಸ್ಬೇಡಿ, ಐದು ನಿಮಿಷ ಬಿಟ್ರೆ ತಾನೇ ಹೋಗುತ್ತೆ.

[ಶಾಟ್: ರೇಲಿಂಗ್, ತುಂಬಾ ಹತ್ರದಿಂದ]

ಈಗ ಅದೇ ರೇಲಿಂಗ್ ನೋಡಿ. ಕೆಳಗಡೆ ಸಾಲಾಗಿ ಹನಿ ನೇತಾಡ್ತಿದೆ. ಒಂದೊಂದು ಹನಿ ಒಳಗೂ ಹಿಂದಿರೋ ಮರ ತಲೆಕೆಳಗಾಗಿ ಕಾಣ್ತಿದೆ, ಮೇಲೆ ನೆಲ, ಕೆಳಗೆ ಆಕಾಶ. ಹನಿಯೇ ಒಂದು ಲೆನ್ಸು, ಅದಕ್ಕೆ ಹಂಗೆ. ತೀರಾ ಹತ್ರ ಹೋದ್ರೆ ಫೋಕಸ್ ಸಿಗಲ್ಲ, ಒಂದ್ ಗೇಣು ಹಿಂದೆ ಬಂದು 2ಎಕ್ಸ್ ಝೂಮ್ ಹಾಕಿ, ಮೊಣಕೈ ರೇಲಿಂಗ್ ಮೇಲೇ ಊರಿ, ಕೈ ನಡುಗಲ್ಲ. ಆಮೇಲೆ ಹುಲ್ಲು ನೋಡಿ, ಜೇಡರ ಬಲೆ. ಬಿಸಿಲಿದ್ದ ದಿನ ಅದರ ಮೇಲೇ ಕಾಲಿಟ್ಟು ಹೋಗಿರ್ತೀವಿ, ಕಾಣೋದೇ ಇಲ್ಲ. ಮಂಜಿನ ದಿನ ಒಂದೊಂದು ಎಳೆಗೂ ಹನಿ ಪೋಣಿಸಿರುತ್ತೆ, ಎಣಿಸೋಕೆ ಕೂತ್ರೆ ಮಧ್ಯಾಹ್ನ ಆಗುತ್ತೆ. (ಹುಲ್ಲಲ್ಲಿ ಕೂತ್ರೆ ಜಿಗಣೆ ಹತ್ತುತ್ತೆ, ಅದು ನಿಮ್ ಹಣೆಬರಹ, ನನ್ನ ಬೈಬೇಡಿ.)

ಓಂಕಾರೇಶ್ವರ ದೇವಸ್ಥಾನ ಇಲ್ಲಿಂದ ದೂರ ಇಲ್ಲ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು, ಮಧ್ಯ ಗುಮ್ಮಟ, ಮೂಲೆಗೊಂದು ಗೋಪುರ, ಮುಂದೆ ಕೊಳ. ಎಲ್ಲರೂ ಕೊಳದ ಆಚೆ ನಿಂತು ಪೂರ್ತಿ ದೇವಸ್ಥಾನ ತೆಗೀತಾರೆ, ಪೋಸ್ಟ್‌ಕಾರ್ಡ್ ಫೋಟೋ, ತಪ್ಪೇನಿಲ್ಲ. ಆದ್ರೆ ಕಿಟಕಿ ಹತ್ರ ಹೋಗಿ ಸರಳು ನೋಡಿದೀರಾ? ಅಲ್ಲಿ "ಲಿಂ" ಅನ್ನೋ ಕನ್ನಡ ಅಕ್ಷರ ಇದೆ. ನಾನು ಚಿಕ್ಕಂದಿನಿಂದ ಹೋಗ್ತಿದ್ದ ದೇವಸ್ಥಾನ, ಆ ಅಕ್ಷರ ಕಣ್ಣಿಗೆ ಬಿದ್ದಿದ್ದು ಮೂವತ್ತು ದಾಟಿದ ಮೇಲೆ, ಅದೂ ಜೋರು ಮಳೆ ಬಂದು ಗೋಡೆಗೆ ಒತ್ಕೊಂಡು ನಿಂತಿದ್ದಾಗ! ಫೋಟೋ ತೆಗಿಯೋ ಮುಂಚೆ ಅಲ್ಲಿರೋರನ್ನ ಒಂದ್ ಮಾತು ಕೇಳಿ.

ಪ್ರವಾಸ ಅಂತ ಬಂದಿಲ್ಲ, ಮನೇಲೇ ಇದೀನಿ ಅನ್ನೋರು ಹಿತ್ತಲಿಗೆ ಹೋಗಿ. ಹಳೇ ಮಂಗಳೂರು ಹೆಂಚು ಒಡೆದು ರಾಶಿ ಬಿದ್ದಿರುತ್ತಲ್ಲ, ಒಂದನ್ನ ತಿರುಗಿಸಿ, ಪಾಚಿ ಕೆರೆದು ನೋಡಿ, ಫ್ಯಾಕ್ಟರಿ ಹೆಸರಿನ ಅಚ್ಚು ಸಿಗಬಹುದು. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಅಚ್ಚಿನ ಫೋಟೋ ಎದುರಿಂದ ತೆಗೆದ್ರೆ ಚಪ್ಪಟೆ, ಟಾರ್ಚನ್ನ ಒಂದು ಪಕ್ಕದಿಂದ ನೆಲಕ್ಕೆ ಸಮ ಹಿಡಿದು ತೆಗೀರಿ, ಅಕ್ಷರ ಎದ್ದು ಬರುತ್ತೆ.

[ಶಾಟ್: ತೋಟದ ಅಂಗಳ, ಮಳೆ ಅಳೆಯೋ ಡಬ್ಬ]

ಕೊನೇದು, ನನಗೆ ತುಂಬಾ ಇಷ್ಟದ್ದು. ಕೊಡಗಲ್ಲಿ ಕಾಫಿ ತೋಟದವ್ರು ಮಳೆನ ಇಂಚು, ಸೆಂಟಲ್ಲೇ ಮಾತಾಡೋದು, ನೂರು ಸೆಂಟಿಗೆ ಒಂದು ಇಂಚು. "ಊಟ ಆಯ್ತಾ" ಅಂತ ಕೇಳೋ ಮುಂಚೆ "ನಿಮ್ಮಲ್ಲಿ ಎಷ್ಟಾಯ್ತು" ಅಂತಾರೆ. ನಮ್ ಪಕ್ಕದ ತೋಟದ ಅಂಕಲ್ ದಿನಾ ಬೆಳಿಗ್ಗೆ ಕೊಡೆ ಹಿಡ್ಕೊಂಡು ಬಂದು, ಡಬ್ಬದ ನೀರನ್ನ ಗಾಜಿನ ಅಳತೆ ಜಾರಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡ್ತಾರೆ. ಆಮೇಲೆ ನೋಟ್‌ಬುಕ್ಕು. ಪ್ರತಿ ಪುಟದ ಮೂಲೇಲೂ ಒದ್ದೆ ಹೆಬ್ಬೆಟ್ಟಿನ ಗುರುತು ಒಣಗಿ ಹೋಗಿದೆ.

"ಅಂಕಲ್, ಒಂದ್ ಫೋಟೋ ತೆಗಿಲಾ?" ಅಂದೆ.

"ನನ್ ಮುಖ ಏನಕ್ಕೆ? ಮಳೆ ತೆಗಿ" ಅಂದ್ರು.

ಮಳೇನೇ ತೆಗೆದೆ. ಜಾರು, ಅದನ್ನ ಹಿಡಿದ ಬೆರಳು, ಹಿಂದೆ ಮಂಜಲ್ಲಿ ಮುಕ್ಕಾಲು ಕರಗಿದ ಸಿಲ್ವರ್ ಓಕ್, ಅದರ ಮೈಗೆ ಹಬ್ಬಿದ ಮೆಣಸಿನ ಬಳ್ಳಿ. ಮಂಜಲ್ಲಿ ಚೂಪು ನೆರಳು ಬೀಳಲ್ಲ, ಹಂಗಾಗಿ ಬೆರಳಿನ ಗೆರೆ ಗೆರೆನೂ ಬಂತು.

ಮುಂದಿನ ವಾರ ಪ್ರಿಂಟ್ ಹಾಕ್ಸಿ ಕೊಟ್ಟೆ. ಅಂಕಲ್ ಫೋಟೋನ ಒಂದ್ಸಲ ನೋಡಿದ್ರು, ತಿರುಗಿಸಿದ್ರು, ಜೇಬಿಂದ ಪೆನ್ನು ತೆಗೆದು ಹಿಂದುಗಡೆ ತಾರೀಖು ಹಾಕಿ, ಕೆಳಗೆ ಬರೆದ್ರು: 2 ಇಂಚು 15 ಸೆಂಟು. ನೋಟ್‌ಬುಕ್ ಒಳಗೆ, ಅದೇ ದಿನದ ಪುಟದಲ್ಲಿ ಇಟ್ಕೊಂಡ್ರು.