ಮಿಶಕಾಲ್ ಮತ್ತು ಸಿರಿ: ಎರಡು ಲೋಕಗಳ ತಾಯಂದಿರು

ಶ್ರೋತೃಗಳಿಗೆ ನಮಸ್ಕಾರ.

ಇಂದಿನ ಹದಿಹರೆಯದವರು ಓದುವ ಅದ್ಭುತ ಕಥೆಗಳಲ್ಲಿ, ಗೆಳೆಯರೊಂದಿಗೆ ಕುಳಿತು ಪಾತ್ರ ವಹಿಸಿ ಆಡುವ ಆಟಗಳಲ್ಲಿ, ಒಂದೊಂದು ಕಥೆಗೆ ಒಂದೊಂದು ಲೋಕವೇ ಇರುತ್ತದೆ. ಆ ಲೋಕಕ್ಕೆ ತನ್ನದೇ ಭೂಪಟವಿದೆ, ಯುಗಗಳ ಲೆಕ್ಕವಿದೆ. ಯುದ್ಧಕ್ಕೊಬ್ಬ, ಸಮುದ್ರಕ್ಕೊಬ್ಬ, ಸಾವಿಗೊಬ್ಬ ಎಂಬಂತೆ ಅಧಿಕಾರ ಹಂಚಿಕೊಂಡ ದೇವತೆಗಳಿದ್ದಾರೆ. ಈ ಹಂಚಿಕೆಯಲ್ಲಿ ಜೀವ, ಆರೋಗ್ಯ ಮತ್ತು ಸಂಸಾರ ಎಂಬ ಮೂರೂ ಎಷ್ಟೋ ಸಲ ಒಬ್ಬಳೇ ತಾಯಿಯ ಪಾಲಿಗೆ ಬರುತ್ತವೆ. ಈ ಮೂರು ಒಂದೆಡೆ ಸೇರುವುದು ಬರೆಯುವವರ ಅನುಕೂಲಕ್ಕಾಗಿಯೇ, ಅಥವಾ ಅದಕ್ಕೆ ಇನ್ನೂ ಆಳವಾದ ಕಾರಣವಿದೆಯೇ ಎಂಬುದನ್ನು, ದೂರದ ಒಂದು ಕಲ್ಪಿತ ಲೋಕದ ದೇವತೆಯನ್ನೂ ನಮ್ಮ ತುಳುನಾಡಿನವರು ತಾಯಿಯೆಂದು ಪೂಜಿಸುವ ಸಿರಿಯನ್ನೂ ಎದುರೆದುರು ಇರಿಸಿ ನೋಡಬೇಕೆಂಬುದು ಇಂದಿನ ಈ ಭಾಷಣದ ಉದ್ದೇಶ. ಮೊದಲನೆಯದು ಲೇಖಕರು ಕಟ್ಟಿದ ಲೋಕ. ಎರಡನೆಯದು ಉಡುಪಿ, ಮಂಗಳೂರು ಸೀಮೆಯ ಅನೇಕ ಕುಟುಂಬಗಳು ಇಂದಿಗೂ ನಂಬಿ ನಡೆಯುವ ಲೋಕ. ಹೋಲಿಸುತ್ತಿರುವುದು ಕಥೆಗಳನ್ನು, ಶ್ರದ್ಧೆಯನ್ನಲ್ಲ.

ಮೊದಲು ಮಿಶಕಾಲ್. ಡ್ರ್ಯಾಗನ್‌ಲ್ಯಾನ್ಸ್ ಎಂಬ ಹೆಸರಿನಲ್ಲಿ 1984ರಿಂದ ಆಟವಾಗಿಯೂ ಕಾದಂಬರಿಗಳಾಗಿಯೂ ಬೆಳೆದುಬಂದ ಕಥಾಲೋಕವೊಂದು ಅಮೆರಿಕದಲ್ಲಿ ಹುಟ್ಟಿತು. ಅದರ ಭೂಮಿಯ ಹೆಸರು ಕ್ರಿನ್. ಆ ಲೋಕದಲ್ಲಿ ಗಾಯ ಮಾಯಿಸುವ, ಜೀವ ಕಾಯುವ ದೇವತೆ ಮಿಶಕಾಲ್. ಆಕೆಯ ಬಣ್ಣ ನೀಲಿ. ಆದಿ ಅಂತ್ಯಗಳಿಲ್ಲದಂತೆ ಮಡಚಿಕೊಂಡ ಅನಂತದ ಗೆರೆ ಆಕೆಯ ಗುರುತು. ಆಕೆ ಒಂಟಿ ದೇವತೆಯಲ್ಲ. ಒಳಿತಿನ ದೇವತೆಗಳ ಹಿರಿಯನಾದ ಪಾಲಡೈನ್ ಆಕೆಯ ಪತಿ. ಕಿರಿ-ಜೋಲಿತ್, ಹಬ್ಬಕುಕ್ ಮತ್ತು ಸೋಲಿನಾರಿ ಆಕೆಯ ಮಕ್ಕಳು. ಸಂಸಾರವಂದಿಗರಿಗೆ ಆಕೆ ಹತ್ತಿರದವಳಾಗಲು ಇದೂ ಒಂದು ಕಾರಣ.

ಆದರೆ ಮಿಶಕಾಲ್‌ಳ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಕೆಯ ಮಹಿಮೆಗಿಂತ ಹೆಚ್ಚಾಗಿ ಆಕೆಯ ಗೈರುಹಾಜರಿ. ಇಸ್ತಾರ್ ಎಂಬ ನಗರದ ಧರ್ಮಾಧಿಕಾರಿಯಾಗಿದ್ದ ಅರಸನೊಬ್ಬ, ತನ್ನ ಒಳ್ಳೆಯತನದ ಅಹಂಕಾರದಲ್ಲಿ, ದೇವತೆಗಳಿಗೇ ಆಜ್ಞೆ ಮಾಡಲು ಹೊರಡುತ್ತಾನೆ. ಆಕಾಶದಿಂದ ಉರಿಯುವ ಬೆಟ್ಟವೊಂದು ಆ ನಗರದ ಮೇಲೆ ಬೀಳುತ್ತದೆ. ಆ ಮಹಾಪ್ರಳಯದ ನಂತರ ಮುನ್ನೂರಕ್ಕೂ ಹೆಚ್ಚು ವರ್ಷ ಕ್ರಿನ್‌ನಲ್ಲಿ ದೈವಬಲದಿಂದ ರೋಗ ವಾಸಿಮಾಡಬಲ್ಲವರು ಒಬ್ಬರೂ ಇರುವುದಿಲ್ಲ. ದೇವತೆಗಳು ನಮ್ಮನ್ನು ಬಿಟ್ಟುಹೋದರು ಎಂದು ಜನ ಹೇಳುತ್ತಾರೆ. ಬಿಟ್ಟುಹೋದವರು ಜನರೇ ಎಂಬುದು ಕಥೆಯ ನಿಲುವು. ಕೊನೆಗೆ ಬುಡಕಟ್ಟೊಂದರ ಮುಖ್ಯಸ್ಥನ ಮಗಳಾದ ಗೋಲ್ಡ್‌ಮೂನ್ ಎಂಬವಳ ಕೈಗೆ ನೀಲಿ ಸ್ಫಟಿಕದ ದಂಡವೊಂದು ಸೇರುತ್ತದೆ. ಅದನ್ನು ತಂದುಕೊಟ್ಟವನು ಅವಳ ಪ್ರಿಯಕರ; ಅದನ್ನು ನಂಬದೆ ಕಲ್ಲೆಸೆದವರು ಅವಳದೇ ಜನ. ಕುಸಿದು ಭೂಗತವಾದ ನಗರವೊಂದರಲ್ಲಿ ಮಿಶಕಾಲ್‌ಳ ಗುಡಿಯಿದೆ, ಮರೆತುಹೋದ ಉಪದೇಶವನ್ನು ಕೊರೆದ ಪ್ಲಾಟಿನಂ ಫಲಕಗಳೂ ಅಲ್ಲೇ ಇವೆ. ಅವು ಮತ್ತೆ ಮನುಷ್ಯರ ಕೈಗೆ ಬಂದಾಗ ಆರೋಗ್ಯದ ವರವೂ ಆ ಲೋಕಕ್ಕೆ ಮರಳುತ್ತದೆ.

ಅಂದರೆ ಈ ಕಥೆಯ ಪ್ರಕಾರ ಕಾಯಿಲೆಯ ಬೇರು ಮರೆವಿನಲ್ಲಿದೆ. ಈ ಎಳೆಯನ್ನು ಹಿಡಿದುಕೊಂಡೇ ನಾನು ನಮ್ಮ ಸಿರಿಯ ಕಡೆಗೆ ಬರುತ್ತೇನೆ, ಏಕೆಂದರೆ ಸಿರಿಯ ಪಾಡ್ದನವೂ, ಅಂದರೆ ಅವಳ ಕಥೆ ಹೇಳುವ ತುಳು ಹಾಡೂ, ಒಂದು ಮರೆವಿನಿಂದಲೇ ಆರಂಭವಾಗುತ್ತದೆ.

ಸತ್ಯನಾಪುರದ ಬೀಡಿನಲ್ಲಿ ಬಿರ್ಮಾಳ್ವ ಎಂಬ ಮುದುಕ ಅರಸನಿದ್ದಾನೆ. ಸಂಪತ್ತಿದೆ, ಸಂತಾನವಿಲ್ಲ. ಅವನ ಕುಟುಂಬ ನಂಬಿಕೊಂಡು ಬಂದ ದೈವ ಬೆರ್ಮೆರ ಆಲಡೆ, ಅಂದರೆ ದೈವಸ್ಥಾನ, ಪಾಳುಬಿದ್ದಿದೆ. ಬೆರ್ಮೆರೇ ಬಡ ಬ್ರಾಹ್ಮಣನ ವೇಷದಲ್ಲಿ ಬೀಡಿನ ಬಾಗಿಲಿಗೆ ಬಂದು, ಮನೆಯ ದುಃಖಕ್ಕೆ ಕಾರಣವೇನೆಂಬುದನ್ನು ಅಜ್ಜನಿಗೆ ತಿಳಿಯಪಡಿಸುತ್ತಾರೆ. ಅಜ್ಜ ಆಲಡೆಯನ್ನು ಜೀರ್ಣೋದ್ಧಾರ ಮಾಡುತ್ತಾನೆ. ಅಲ್ಲಿಂದ ಮನೆಗೆ ತಂದ ಪ್ರಸಾದದ ಹಿಂಗಾರ ಮತ್ತು ಗಂಧದಿಂದ ಹೆಣ್ಣು ಮಗುವೊಂದು ಮೈದಾಳುತ್ತದೆ. ಅವಳೇ ಸಿರಿ. ಗರ್ಭದಿಂದ ಬಾರದೆ, ಅಡಿಕೆಯ ಹೂವಿನಿಂದ, ಒಂದು ನೆನಪಿನ ಫಲವಾಗಿ ಬಂದವಳು. ಅಡಿಕೆ ತೋಟಗಳ ನಡುವೆ ಬದುಕುವ ನಮಗೆ ಈ ಹುಟ್ಟಿನ ಕಲ್ಪನೆ ಎಷ್ಟು ಹತ್ತಿರದ್ದು ಎಂಬುದನ್ನು ವಿವರಿಸಬೇಕಾಗಿಲ್ಲ.

ಇಲ್ಲಿಂದ ಮುಂದೆ ಸಿರಿಯ ದಾರಿ ಮಿಶಕಾಲ್‌ಳ ದಾರಿಯಿಂದ ಬೇರೆಯಾಗುತ್ತದೆ. ಮಿಶಕಾಲ್ ನೋವನ್ನು ಮೇಲಿನಿಂದ ಕಂಡು ಕರುಣೆ ತೋರುವವಳು. ಸಿರಿಗೆ ಆ ನೋವೆಲ್ಲ ಸ್ವಂತ ಬಾಳಿನಲ್ಲೇ ಒದಗುತ್ತದೆ. ಬಸರೂರಿನ ಕಾಂತು ಪೂಂಜನೊಂದಿಗೆ ಅವಳ ಮದುವೆಯಾಗುತ್ತದೆ. ಅವಳು ಗರ್ಭಿಣಿಯಾದಾಗ ಬಯಕೆಯ ಶಾಸ್ತ್ರಕ್ಕೆಂದು ಗಂಡ ಸೀರೆ ಕೊಳ್ಳುತ್ತಾನೆ. ಆದರೆ ದಾರಿಯಲ್ಲಿ ಸಿದ್ದು ಎಂಬವಳ ಮನೆಯಲ್ಲಿ ತಂಗಿ, ಅವಳು ಉಟ್ಟು ಬಿಚ್ಚಿದ ಸೀರೆಯನ್ನೇ ಮಡಚಿ ತರುತ್ತಾನೆ. ತುಂಬಿದ ಸಭೆಯಲ್ಲಿ ಸಿರಿ ಆ ಸೀರೆಯನ್ನು ನಿರಾಕರಿಸುತ್ತಾಳೆ. ಸಂಸಾರದ ಮಾನಕ್ಕಾಗಿ ಸುಮ್ಮನಿರು ಎಂದು ಹೆಣ್ಣುಮಕ್ಕಳಿಗೆ ಹೇಳುತ್ತ ಬಂದ ಸಮಾಜವೊಂದು, ಸಂಸಾರ ಕಾಯುವ ತಾಯಿಯೆಂದು ಪೂಜಿಸುವವಳನ್ನು ಇಷ್ಟು ಗಟ್ಟಿ ದನಿಯಲ್ಲಿ ಮಾತನಾಡಿಸಿದೆ ಎಂಬುದು ನನಗೆ ಇಡೀ ಪಾಡ್ದನದ ಅತ್ಯಂತ ದೊಡ್ಡ ಸಂಗತಿ.

ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಮಗ ಕುಮಾರ ಹುಟ್ಟುತ್ತಾನೆ, ಅಜ್ಜ ತೀರಿಕೊಳ್ಳುತ್ತಾನೆ, ಸತ್ಯನಾಪುರದ ಒಡೆತನಕ್ಕಾಗಿ ತಕರಾರು ಏಳುತ್ತದೆ. ಲಂಚ ತಿಂದ ಪಂಚಾಯಿತಿಯ ಹಿರಿಯರು ಅವಳ ವಿರುದ್ಧ ತೀರ್ಪು ಕೊಡುತ್ತಾರೆ. ಸೊತ್ತು ಹೆಣ್ಣಿನ ಕವಲಿನಲ್ಲಿ ಇಳಿದುಬರುವ ಅಳಿಯಸಂತಾನದ ಕಟ್ಟು ಬಾಳಿದ ನಾಡಿನಲ್ಲಿ ಹೆಣ್ಣಿನ ಮನೆಯನ್ನು ಕಸಿಯುವುದೆಂದರೆ ಅವಳನ್ನು ಬೇರುಸಹಿತ ಕೀಳುವುದೆಂದೇ ಅರ್ಥ. ಸಿರಿ ಕಾಂತು ಪೂಂಜನಿಗೆ ಬರ ಹೇಳಿ, ಅಂದರೆ ಸ್ವತಃ ವಿಚ್ಛೇದನ ಕೊಟ್ಟು, ಮದುವೆಯಿಂದ ಹೊರಬರುತ್ತಾಳೆ. ಅವಳ ಶಾಪದಿಂದ ಸತ್ಯನಾಪುರದ ಬೀಡು ಉರಿದುಹೋಗುತ್ತದೆ. ಕೂಸನ್ನೆತ್ತಿಕೊಂಡು, ದಾರು ಎಂಬ ಊಳಿಗದವಳೊಂದಿಗೆ ನಡೆದು ಹೊರಟ ದಾರಿಯಲ್ಲೇ ಕೂಸೂ ದಾರುವೂ ಮಾಯ ಸೇರುತ್ತಾರೆ, ಅಂದರೆ ಕಣ್ಮರೆಯಾಗುತ್ತಾರೆ. ತಾಯಿ ಒಂಟಿಯಾಗುತ್ತಾಳೆ.

ಆಮೇಲೆ ಅವಳು ಕೊಟ್ರಾಡಿಯ ಕೊಡ್ಸರಾಳ್ವನ ಕೈಹಿಡಿಯುತ್ತಾಳೆ. ಅಲ್ಲಿ ಆಗಲೇ ಸಾಮು ಎಂಬ ಹೆಂಡತಿ ಇದ್ದಾಳೆ. ಮೊದಲು ಸವತಿಯನ್ನು ಒಲ್ಲೆನೆಂದ ಸಾಮು ಕೊನೆಗೆ ಸಿರಿಯನ್ನು ಒಡಹುಟ್ಟಿನಂತೆ ಒಪ್ಪಿಕೊಳ್ಳುತ್ತಾಳೆ. ಸವತಿಯರ ಕಥೆಗಳಲ್ಲಿ ವಿಷ, ಮತ್ಸರ, ಹಗೆಗಳನ್ನೇ ಕೇಳಿ ಅಭ್ಯಾಸವಾದವರಿಗೆ ಈ ಭಾಗ ಬೇರೆಯೇ ಗಾಳಿಯನ್ನು ತರುತ್ತದೆ. ಸಿರಿ ಸೊನ್ನೆ ಎಂಬ ಮಗಳನ್ನು ಹೆತ್ತು ಮಾಯವಾಗುತ್ತಾಳೆ. ಸೊನ್ನೆ ಗುರುಮಾರ್ಲನನ್ನು ಮದುವೆಯಾಗುತ್ತಾಳೆ. ಅವರಿಗೂ ಬಹುಕಾಲ ಮಕ್ಕಳಿಲ್ಲ. ಬೆರ್ಮೆರಿಗೆ ಹರಕೆ ಹೊತ್ತ ಮೇಲೆ ಅಬ್ಬಗ, ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಸಂತೋಷದ ಭರದಲ್ಲಿ ಹರಕೆ ಮರೆತುಹೋಗುತ್ತದೆ. ಅಜ್ಜನ ಮರೆವು ಮೊಮ್ಮಗಳ ಮನೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಹೆತ್ತವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಕ್ಕತಂಗಿಯರು ಚೆನ್ನೆಮಣೆ ಆಡಲು ಕೂರುತ್ತಾರೆ. ಆಟದಲ್ಲಿ ಜಗಳ ಹುಟ್ಟಿ, ಮಣೆಯ ಪೆಟ್ಟಿಗೆ ಒಬ್ಬಳು ಪ್ರಾಣ ಬಿಡುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ವಿವರಗಳು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತವೆ. ಮರೆತ ಹರಕೆಯನ್ನು ದೈವ ಹಿಂದಕ್ಕೆ ಪಡೆಯಿತು ಎಂಬ ತಿರುಳು ಉಳಿಯುತ್ತದೆ.

ಹೀಗೆ ನೋಡಿದರೆ ಇದು ಒಂದು ಕುಟುಂಬ ಮೂರು ತಲೆಮಾರುಗಳಲ್ಲಿ ಚೆಲ್ಲಾಪಿಲ್ಲಿಯಾದ ಕಥೆ. ಗಂಡನಿಂದ ಹೆಂಡತಿ, ತಾಯಿಯಿಂದ ಮಗ, ಮಗಳಿಂದ ತಾಯಿ, ಅಕ್ಕನಿಂದ ತಂಗಿ ಅಗಲಿದ ಈ ಕಥೆಯ ನಾಯಕಿ ಆರೋಗ್ಯದ, ಸಂಸಾರದ ತಾಯಿ ಹೇಗಾದಳು? ಇದಕ್ಕೆ ಉತ್ತರ ಪಾಡ್ದನದ ಒಳಗಿಲ್ಲ, ಅದು ಸಿರಿಜಾತ್ರೆಯಲ್ಲಿದೆ.

ಮುಲ್ಕಿಗೆ ಹತ್ತಿರದ ಕವತ್ತಾರು, ಕವಿ ಮುದ್ದಣನ ಹುಟ್ಟೂರಾದ ನಂದಳಿಕೆ, ಉಡುಪಿಯ ಬಳಿಯ ಹಿರಿಯಡಕ ಮೊದಲಾದ ಆಲಡೆಗಳಲ್ಲಿ, ಬೇಸಗೆಯ ತಿಂಗಳುಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಈ ಜಾತ್ರೆ ನಡೆಯುತ್ತದೆ. ರಾತ್ರಿಯಿಡೀ ನಡೆಯುವ ದರ್ಶನದಲ್ಲಿ, ಅಂದರೆ ದೈವ ಮೈದುಂಬುವ ಆಚರಣೆಯಲ್ಲಿ, ಹೆಂಗಸರು ಹಿಂಗಾರವನ್ನು ಕೈಯಲ್ಲಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಕುಮಾರನ ಪಾತ್ರಿ, ಅಂದರೆ ಕುಮಾರ ಮೈದುಂಬುವವನು, ಗಂಡಸು. ಅವನು ಕರೆಯುತ್ತಾನೆ, ಅವರು ಓಗೊಡುತ್ತಾರೆ. ಒಬ್ಬಳು ಸಿರಿಯಾಗಿ, ಒಬ್ಬಳು ಸೊನ್ನೆಯಾಗಿ, ಇನ್ನಿಬ್ಬರು ಅಬ್ಬಗ ದಾರಗರಾಗಿ ಪಾಡ್ದನದ ಮಾತುಗಳಲ್ಲೇ ಪರಸ್ಪರ ಸಂವಾದಿಸುತ್ತಾರೆ. ಕಥೆಯಲ್ಲಿ ಹಸುಗೂಸಾಗಿ ತಾಯಿಯಿಂದ ಅಗಲಿದ ಕುಮಾರನೇ ಇಲ್ಲಿ ತಾಯಿಯನ್ನು, ತಂಗಿಯನ್ನು, ತಂಗಿಯ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾನೆ. ಕಥೆ ಒಡೆದದ್ದನ್ನು ಆಚರಣೆ ವರ್ಷಕ್ಕೊಮ್ಮೆ ಕೂಡಿಸುತ್ತದೆ. ಜೀವ, ಆರೋಗ್ಯ, ಸಂಸಾರ ಎಂಬ ಮೂರು ಒಬ್ಬಳಲ್ಲೇ ಸೇರುವುದಕ್ಕೆ ಇರುವ ಕಾರಣ ನನಗೆ ಇಲ್ಲಿ ಕಾಣುತ್ತದೆ: ಅಗಲಿದವರು ಮತ್ತೆ ಒಬ್ಬರನ್ನೊಬ್ಬರು ಗುರುತಿಸುವುದೇ ಇಲ್ಲಿ ಗುಣವಾಗುವುದು.

ಈ ಸಾಲಿಗೆ ಪ್ರತಿವರ್ಷ ಹೊಸಬರೂ ಬರುತ್ತಾರೆ. ಮೈನೆರೆದ ಮೇಲೋ, ಮದುವೆಯಾಗಿ ಬೇರೆ ಮನೆ ಸೇರಿದ ಮೇಲೋ ಕಾರಣ ತಿಳಿಯದ ಸಂಕಟಕ್ಕೆ, ನಡುಕಕ್ಕೆ, ಮೌನಕ್ಕೆ ಒಳಗಾದ ಹೆಣ್ಣನ್ನು ಅವಳ ಮನೆಯವರೇ ಕರೆತರುತ್ತಾರೆ. ನೀನು ಯಾರು ಎಂದು ಕುಮಾರ ಕೇಳುತ್ತಾನೆ. ಮಾತು ಕೂಡಲೇ ಬರುವುದಿಲ್ಲ; ಕಾಯುತ್ತಾರೆ, ಮತ್ತೆ ಕೇಳುತ್ತಾರೆ, ಹಿರಿಯ ಸಿರಿಗಳು ಪಕ್ಕದಲ್ಲಿ ನಿಂತು ಹಾಡಿನ ಎಳೆ ಹಿಡಿದುಕೊಡುತ್ತಾರೆ. ತಾನು ಸಿರಿಯ ಕುಟುಂಬದ ಯಾರೆಂದು ಅವಳು ಹೇಳಿದ ಗಳಿಗೆಯಿಂದ ಅವಳ ನೋವಿಗೆ ಒಂದು ವಂಶಾವಳಿ ದೊರಕುತ್ತದೆ. ಮನೆಯಲ್ಲಿ ಯಾರೂ ಕಿವಿಗೊಡದ ಮಾತನ್ನು ಇಲ್ಲಿ ಗಂಡ, ಮಾವ, ಅಣ್ಣತಮ್ಮಂದಿರು ಕೈಕಟ್ಟಿ ನಿಂತು ಕೇಳಬೇಕಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಅವರು ಸಿರಿ ಆಚರಣೆಯನ್ನು ದೀರ್ಘಕಾಲ ಅಧ್ಯಯನ ಮಾಡಿ ಬರೆದರು. ಅವರ ನಂತರ ನಮ್ಮ ವಿದ್ವಾಂಸರೂ ಇದರ ಚಿಕಿತ್ಸಕ ಗುಣವನ್ನು ಗಂಭೀರವಾಗಿ ಚರ್ಚಿಸಿದ್ದಾರೆ. ಔಷಧಿಯಿಂದ ಗುಣವಾಗುವ ಕಾಯಿಲೆಗೆ ಔಷಧಿಯೇ ಬೇಕು, ಮನಸ್ಸಿನ ಕಾಯಿಲೆಗೂ ವೈದ್ಯರಿದ್ದಾರೆ, ಅವರ ಬಳಿಗೆ ಹೋಗಲು ಯಾರೂ ಹಿಂಜರಿಯಬಾರದು. ಅದರ ಜೊತೆಗೇ, ರೋಗಿಯೊಬ್ಬಳನ್ನು ಕುಟುಂಬದ ನಡುವೆಯೇ ನಿಲ್ಲಿಸಿ, ಇಡೀ ಕುಟುಂಬವನ್ನು ಕೇಳುಗರನ್ನಾಗಿ ಮಾಡುವ ಈ ಕ್ರಮದಲ್ಲಿ ಕಲಿಯಬೇಕಾದದ್ದು ಬಹಳವಿದೆ ಎಂದು ನಾನು ನಂಬಿದ್ದೇನೆ.

ಕ್ರಿನ್‌ನ ಜನ ತಮ್ಮ ತಾಯಿಯ ಉಪದೇಶವನ್ನು ಲೋಹದ ಫಲಕಗಳಲ್ಲಿ ಹುಡುಕಿ ಪಡೆದರು. ಸಿರಿಯ ಕಥೆಗೆ ಫಲಕವಿಲ್ಲ. ಅದು ಉಳಿದದ್ದು ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರ ಹಾಡಿನಲ್ಲಿ, ಆಲಡೆಯ ಅಂಗಳದಲ್ಲಿ. ಬೆಳ್ತಂಗಡಿ ಸೀಮೆಯ ಮಾಚಾರಿನ ಗೋಪಾಲ ನಾಯ್ಕರು, ಗದ್ದೆಯ ಹಾಡುಗಾರರೂ ಸಿರಿ ಆಚರಣೆಯ ಮುಂದಾಳುಗಳೂ ಆಗಿದ್ದವರು, 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ತಂಡ ದಾಖಲಿಸಿತು. ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಆ ತಂಡದಲ್ಲಿದ್ದರು. 1998ರಲ್ಲಿ ಅದು ಅಚ್ಚಾದಾಗ ಸಾಲುಗಳ ಸಂಖ್ಯೆ 15,683. ಅಕ್ಷರದ ನೆರವಿಲ್ಲದೆ ಒಬ್ಬರ ನೆನಪಿನಲ್ಲಿ ನಿಂತಿದ್ದ ಕಾವ್ಯ ಅದು.

ಆದರೆ ಅದು ಒಬ್ಬ ಹಾಡುಗಾರರ ಪಾಠ. ಇದೇ ಸಂಧಿಯನ್ನು, ಅಂದರೆ ಹಾಡುಗತೆಯನ್ನು, ಬೇರೆ ಊರಿನ ಹೆಂಗಸರು ಬೇರೆ ಬಗೆಯಲ್ಲಿ, ಸಾಮುವಿಗೆ ಹೆಚ್ಚು ಮಾತು ಕೊಟ್ಟೋ, ದಾರುವಿನ ದುಃಖವನ್ನು ಹಿಗ್ಗಿಸಿಯೋ ಹಾಡಬಲ್ಲರು. ಗದ್ದೆಗಳು ಸಾಗುವಳಿಯಿಲ್ಲದೆ ಹಡಿಲು ಬಿದ್ದಂತೆ, ನಾಟಿ ಯಂತ್ರದ ಕೈಗೆ ಹೋದಂತೆ, ಆ ಹಾಡಿಗೆ ಅವಕಾಶವೇ ಕಡಿಮೆಯಾಗುತ್ತಿದೆ. ಈ ಭಾಷಣವನ್ನು ಕೇಳುತ್ತಿರುವ ಯಾರ ಮನೆಯಲ್ಲಾದರೂ ಸಿರಿಯ ಸಂಧಿಯನ್ನು ಹಾಡಬಲ್ಲ ಅಜ್ಜಿಯೋ, ದೊಡ್ಡಮ್ಮನೋ ಇದ್ದರೆ, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಾದರೂ ಸರಿ, ಅದನ್ನು ಧ್ವನಿಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನೂ ಜೊತೆಗೆ ಬರೆದಿಡಿ. ಆಲಡೆಯಲ್ಲಿ ದರ್ಶನದ ಹೊತ್ತಿನಲ್ಲಿ ಮಾತ್ರ ಹಾಡಬೇಕಾದ ಭಾಗವಿದೆಯೆಂದು ಅವರು ಹೇಳಿದರೆ ಅದನ್ನು ಬಿಟ್ಟುಬಿಡಿ. ಉಳಿದದ್ದನ್ನು ಪೂರ್ತಿಯಾಗಿ ಹಾಡಿಸಿ, ನಡುವೆ ತಡೆಯಬೇಡಿ.

ನಮಸ್ಕಾರ.